ಹದಿನೇಳನೇ ನಂಬರಿನ ಸೂಟು

ಬಂದರಿನ ಗೇಟು ದಾಟಿ ಎಡಕ್ಕೆ ತಿರುಗಿದರೆ ಮೂರನೆಯದು ಸೂಟಿನ ಶೆಡ್ಡು. ಅಲ್ಲಿ ಇಬ್ಬರು ಹೆಂಗಸರು ಹದಿಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದರು. ಹಿರಿಯಳನ್ನು ಬಂದರಿನವರೆಲ್ಲ ಸೂಜಕ್ಕ ಎನ್ನುತ್ತಿದ್ದರು. ತುಟಿಗಳ ನಡುವೆ ಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸದಿಂದ ಬಂದ ಹೆಸರು ಅದು. ಅವಳ ನಿಜವಾದ ಹೆಸರು ಗೇಟಿನ ಪಾಸಿನಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಕಿರಿಯಳು ಅವಳ ವಾರಗಿತ್ತಿ. ಅಣ್ಣತಮ್ಮಂದಿರಿಬ್ಬರೂ ದೂರದ ಹಡಗುಗಳಲ್ಲಿ ಕೆಲಸಕ್ಕಿದ್ದು ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಿದ್ದುದರಿಂದ, ಈ ಇಬ್ಬರೂ ಗಂಡಂದಿರ ಮುಖಕ್ಕಿಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳಿದ್ದೇ ಹೆಚ್ಚು.

ತೀರದಿಂದ ಎರಡು ಗಂಟೆಯ ದಾರಿಯಲ್ಲಿ, ಕಡಲ ನಡುವೆ, ಅರವತ್ತೆರಡು ಗಾಳಿಯಂತ್ರಗಳು ನಿಂತಿದ್ದವು. ಅವುಗಳ ರಿಪೇರಿಗೆ ದಿನವೂ ಬೆಳಗ್ಗೆ ಏಳೂವರೆಗೆ ಜೆಟ್ಟಿಯಿಂದ ದೋಣಿ ಹೊರಡುತ್ತಿತ್ತು. ದೋಣಿಯ ಮೂತಿಯನ್ನು ಕಂಬಕ್ಕೆ ಒತ್ತಿ ಹಿಡಿದಾಗ, ಅಲೆ ಮೇಲೆತ್ತಿದ ಗಳಿಗೆ ನೋಡಿ, ಮೆಕ್ಯಾನಿಕ್ಕುಗಳು ಏಣಿಗೆ ಕಾಲಿಡಬೇಕು. ಕಾಲು ತಪ್ಪಿದರೆ ಕೆಳಗೆ ಕೊರೆಯುವ ನೀರು. ಹಾಗೆ ಬಿದ್ದವರನ್ನು ಒಣಗಿದಂತೆಯೇ ಇಟ್ಟು ತೇಲಿಸುವುದಕ್ಕೆ ಕುತ್ತಿಗೆಯಿಂದ ಪಾದದ ತನಕ ಒಂದೇ ತುಂಡಾಗಿರುವ ಕಿತ್ತಳೆ ಬಣ್ಣದ ದಪ್ಪ ಸೂಟು. ಅದರ ಒಳಗೆ ನೀರು ನುಗ್ಗಬಾರದು. ನುಗ್ಗಿದರೆ ಅದು ಸೂಟಲ್ಲ, ಸೊಂಟಕ್ಕೆ ಕಟ್ಟಿದ ಕಲ್ಲು.

ಸೂಟಿನೊಳಗೆ ನೀರು ನುಗ್ಗುತ್ತದೋ ಇಲ್ಲವೋ ಎಂದು ನೋಡುವುದೇ ಸೂಜಕ್ಕನ ಕೆಲಸ. ಕುತ್ತಿಗೆಗೂ ಮುಂಗೈಗಳಿಗೂ ಬಿರಡೆ ಬಡಿದು ಒಳಗೆ ಗಾಳಿ ತುಂಬಿದರೆ, ಸೂಟು ತಲೆಯಿಲ್ಲದ ದಡೂತಿ ಮನುಷ್ಯನ ಹಾಗೆ ಎದ್ದು ನಿಲ್ಲುತ್ತಿತ್ತು. "ಭಾವ ಊಟ ಮುಗಿಸ್ಕೊಂಡು ಬಂದ್ರು ನೋಡಕ್ಕ," ಎಂದು ವಾರಗಿತ್ತಿ ಪ್ರತಿ ಸಲವೂ ಹೇಳುತ್ತಿದ್ದಳು. ಹದಿಮೂರು ವರ್ಷವಾದರೂ ಸೂಜಕ್ಕನಿಗೆ ಅದಕ್ಕೆ ನಗು ಬರುತ್ತಿತ್ತು. ಆಮೇಲೆ ಹೊಲಿಗೆಗಳ ಉದ್ದಕ್ಕೂ ಸೋಪಿನ ನೀರು ಬಳಿಯುವುದು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು. ತೂತು ಮುಚ್ಚಿ, ಮತ್ತೆ ಗಾಳಿ ತುಂಬಿ, ಗುಳ್ಳೆ ಏಳದಿದ್ದರೆ ತೋಳಿನ ಒಳಗೆ ಹಸಿರು ಬಟ್ಟೆಯ ಚೀಟಿ ಹೊಲಿಯುವುದು. ಚೀಟಿಯಲ್ಲಿ ತಾರೀಕು, ನಂಬರು, ಕೆಳಗೆ ಸೂಜಿಯ ಪುಟ್ಟ ಚಿತ್ರ. ಆ ಚಿತ್ರವೇ ಅವಳ ಸಹಿ. ಚೀಟಿಗಳನ್ನು ಕಂಪನಿಯೇ ಅಚ್ಚು ಹಾಕಿಸಿ ಆಫೀಸಿನಲ್ಲಿ ಇಟ್ಟುಕೊಂಡಿತ್ತು. ಬೇಕಾದಾಗ ಅವಳು ತರಿಸಿಕೊಳ್ಳುತ್ತಿದ್ದಳು.

ಆ ವರ್ಷ ಹಳೆಯ ಸೂಟುಗಳ ಅವಧಿ ಎಲ್ಲವೂ ಒಟ್ಟಿಗೇ ಮುಗಿಯಿತು. ಹೊಸವು ಬರುವುದು ಏಳು ವಾರ ತಡ ಎಂದು ಗೊತ್ತಾಯಿತು. ಕಡಲು ಒರಟಾಗುವುದಕ್ಕೆ ಹೆಚ್ಚೆಂದರೆ ಹದಿನೈದು ದಿನ ಉಳಿದಿತ್ತು. ಹನ್ನೊಂದು ಯಂತ್ರಗಳು ಕೆಟ್ಟು ರೆಕ್ಕೆ ಚಾಚಿಕೊಂಡು ಸುಮ್ಮನೆ ನಿಂತಿದ್ದವು. ಆಗ ಮ್ಯಾನೇಜರು ಎಲ್ಲೋ ಕಟ್ಟಿ ಮುಗಿಸಿದ ಇನ್ನೊಂದು ಯೋಜನೆಯಿಂದ ನಲವತ್ತು ಸೂಟುಗಳನ್ನು ಲಾರಿಯಲ್ಲಿ ತರಿಸಿದ.

ಹೊರಗಿನಿಂದ ನೋಡಿದರೆ ಅವು ಹೊಸದರ ಹಾಗೇ ಇದ್ದವು. ಸೂಜಕ್ಕ ಮೊದಲನೆಯದಕ್ಕೆ ಗಾಳಿ ತುಂಬಿ ಸೋಪು ಬಳಿದಳು. ಎಡ ಕಂಕುಳಿನಿಂದ ಸೊಂಟದವರೆಗೆ ಮುತ್ತಿನ ಸರದ ಹಾಗೆ ಗುಳ್ಳೆ ಎದ್ದಿತು. ಒಳಗಿನ ಪಟ್ಟಿ ಬಿಚ್ಚಿ ನೋಡಿದರೆ ಅಂಟು ಒಣಗಿ ಪುಡಿಯಾಗಿತ್ತು. ಒಂದು ಕಡೆ ತೇಪೆ ಹಾಕಿದರೆ ಅದರ ಪಕ್ಕದಲ್ಲೇ ಪಟ್ಟಿ ಎದ್ದು ಬರುತ್ತಿತ್ತು.

"ಈ ಭಾವನಿಗೆ ಹೊಟ್ಟೆ ಸರಿಯಿಲ್ಲ," ಎಂದಳು ವಾರಗಿತ್ತಿ. ಇಪ್ಪತ್ತನೆಯ ಸೂಟಿನ ಹೊತ್ತಿಗೆ ಅವಳೂ ತಮಾಷೆ ಬಿಟ್ಟಳು.

ಮೂರು ದಿನ ಹಿಡಿದು ನಲವತ್ತನ್ನೂ ನೋಡಿದರು. ಒಂಬತ್ತು ಸರಿಯಿದ್ದವು, ಆದರೆ ಅವು ತೀರಾ ದೊಡ್ಡ ಅಳತೆಯವು, ಮೆಕ್ಯಾನಿಕ್ಕುಗಳಲ್ಲಿ ಯಾರ ಕುತ್ತಿಗೆಗೂ ಬಿಗಿಯಾಗಿ ಕೂರುತ್ತಿರಲಿಲ್ಲ. ಮೂವತ್ತೊಂದಕ್ಕೆ ಸೂಜಕ್ಕ ಕೆಂಪು ಪಟ್ಟಿ ಕಟ್ಟಿ, ಬಾಗಿಲ ಪಕ್ಕ ರಾಶಿ ಹಾಕಿ, ಆಫೀಸಿಗೆ ಹೇಳಿ ಕಳಿಸಿದಳು.

ಮ್ಯಾನೇಜರು ತಾನೇ ಬಂದ. ಕೆಟ್ಟ ಮನುಷ್ಯನಲ್ಲ, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮೇಲಿನಿಂದ ದಿನಕ್ಕೆ ನಾಲ್ಕು ಫೋನು ಬರುತ್ತಿದ್ದವು, ಅವನ ಕಣ್ಣ ಕೆಳಗೆ ಕಪ್ಪು ಹತ್ತಿತ್ತು. ಸೂಟಿನ ರಾಶಿಯನ್ನು ನೋಡಿ ಸ್ಟೂಲಿನ ಮೇಲೆ ಕೂತುಕೊಂಡ.

"ಇಷ್ಟೊಂದಾ?"

"ಇಷ್ಟೊಂದೇ ಸಾರ್. ಅಂಟೆಲ್ಲ ಸತ್ತುಹೋಗಿದೆ. ಇದು ರಿಪೇರಿ ಆಗೋ ಜಾತಿಯಲ್ಲ."

"ನೋಡಿ, ನಿಮ್ಮ ಕೆಲಸದ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಸ್ವಲ್ಪ ಯೋಚನೆ ಮಾಡಿ. ಆರು ವರ್ಷದಲ್ಲಿ ನೀರಿಗೆ ಬಿದ್ದವನು ಒಬ್ಬನೇ ಒಬ್ಬ. ಅವನನ್ನೂ ನಾಲ್ಕು ನಿಮಿಷದಲ್ಲಿ ಎತ್ತಿದ್ರು."

"ಎತ್ತಿದ್ರು. ಅವನ ಸೂಟನ್ನ ಆಮೇಲೆ ನಾನೇ ಬಿಚ್ಚಿ ನೋಡ್ದೆ. ಒಳಗೆ ಒಂದು ಲೋಟ ನೀರೂ ಇರ್ಲಿಲ್ಲ."

ಮ್ಯಾನೇಜರು ವಾರಗಿತ್ತಿಯ ಕಡೆ ತಿರುಗಿ, ಸ್ವಲ್ಪ ಹೊರಗೆ ಹೋಗಿರಲು ಹೇಳಿದ. ಅವಳು ಸೂಜಕ್ಕನ ಮುಖ ನೋಡಿದಳು. ಸೂಜಕ್ಕ ತಲೆಯಾಡಿಸಿದ ಮೇಲೆ ಎದ್ದು ಹೋಗಿ, ಬಾಗಿಲ ಆಚೆಯೇ ಕಿವಿಗೆ ಅನುಕೂಲವಾದ ಜಾಗದಲ್ಲಿ ನಿಂತಳು.

"ನಿಮ್ಮ ಮಗಳು ಈಗ ಮೆಕ್ಯಾನಿಕ್ಕುಗಳ ತಂಡಕ್ಕೆ ಮುಖ್ಯಸ್ಥೆ," ಎಂದ ಮ್ಯಾನೇಜರು. "ಒಳ್ಳೆ ಹುಡುಗಿ. ಮೇಲೆ ಹೋಗ್ತಾಳೆ. ನನ್ನ ಹತ್ರ ಆಫೀಸಲ್ಲಿ ಒಂದು ಹೊಸ ಸೂಟಿದೆ, ಮಾದರಿಗೆ ಅಂತ ಕಳಿಸಿದ್ದು. ಅವಳ ಅಳತೆಗೆ ಸರಿಹೋಗುತ್ತೆ. ಅದನ್ನ ಅವಳಿಗೇ ಕೊಡಿಸ್ತೀನಿ. ನೀವು ನಿಶ್ಚಿಂತೆಯಿಂದ ಇರಬಹುದು."

ಸೂಜಕ್ಕ ತುಟಿಯಲ್ಲಿದ್ದ ಸೂಜಿಯನ್ನು ತೆಗೆದು ಮೇಜಿನ ಮೇಲಿದ್ದ ಬಟ್ಟೆಯ ದಿಂಡಿಗೆ ಚುಚ್ಚಿದಳು. ಅಲ್ಲಿಯವರೆಗೆ ಅವಳು ಅವನನ್ನು ತಿಳಿಯದವನು ಅಂದುಕೊಂಡಿದ್ದಳು. ತಿಳಿಯದವನಿಗೆ ಹತ್ತು ಸಲ ಬೇಕಾದರೂ ತಿಳಿಸಿ ಹೇಳಬಹುದು. ಈಗ ಗೊತ್ತಾಯಿತು, ಅವನಿಗೆ ಎಲ್ಲ ಗೊತ್ತಿದೆ. ಗೊತ್ತಿಲ್ಲದಿದ್ದರೆ ಒಬ್ಬಳಿಗೆ ಮಾತ್ರ ಹೊಸ ಸೂಟು ಯಾಕೆ ಬೇಕು.

"ಸಾರ್, ಈ ಮಾತು ನೀವು ಆಡ್ಲಿಲ್ಲ, ನಾನು ಕೇಳ್ಲಿಲ್ಲ ಅಂತ ಇಟ್ಕೊಳ್ಳೋಕೆ ನನಗಾಗಲ್ಲ," ಎಂದಳು. "ಕೇಳಿದ್ದೀನಿ. ಚೀಟಿ ಹೊಲಿಯಲ್ಲ."

"ಒಟ್ಟಿನಲ್ಲಿ ನಿಮ್ಮಿಂದ ಆಗಲ್ಲ."

"ಒಟ್ಟಿನಲ್ಲೂ ಆಗಲ್ಲ, ಬಿಡಿಬಿಡಿಯಾಗೂ ಆಗಲ್ಲ."

ಅವನು ಎದ್ದು ಹೋದ. ಮಧ್ಯಾಹ್ನ ಇಬ್ಬರು ಬಂದು, ಈ ಸೂಟುಗಳನ್ನು ವಾಪಸು ಕಳಿಸುತ್ತಿದ್ದೇವೆ ಎಂದು ಹೇಳಿ, ಮೂವತ್ತೊಂದನ್ನೂ ತಳ್ಳುಗಾಡಿಗೆ ಹೇರಿಕೊಂಡು ಹೋದರು.

ಸಂಜೆ ಊಟಕ್ಕೆ ಕೂತಾಗ ಮಗಳ ಮುಖ ಗಂಟಿಕ್ಕಿತ್ತು. ಬಂದರಿನಲ್ಲಿ ಯಾವ ಮಾತೂ ಒಂದು ಶೆಡ್ಡಿನಲ್ಲಿ ನಿಲ್ಲುವುದಿಲ್ಲ. ಮಗಳಿಗೆ ಇಪ್ಪತ್ತೇಳು. ನೂರು ಮೀಟರ್ ಎತ್ತರದಲ್ಲಿ, ಬಸ್ಸಿನಷ್ಟು ದೊಡ್ಡ ಯಂತ್ರದ ಹೊಟ್ಟೆಯೊಳಗೆ ಕೂತು ಗೇರು ಬಿಚ್ಚುವವಳು. ತಂಡಕ್ಕೆ ಮುಖ್ಯಸ್ಥೆಯಾಗಿ ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಅವಳ ಕೆಳಗಿದ್ದ ಎಂಟು ಜನರಲ್ಲಿ ಐವರಿಗೆ ಅವಳಿಗಿಂತ ವಯಸ್ಸಾಗಿತ್ತು, ಮೂವರಿಗೆ ಅವಳ ಅಪ್ಪನಷ್ಟು.

"ಅಮ್ಮ, ನೀನು ಸೂಟು ಬೇಡ ಅಂದೆ ಅಂತ ದೋಣಿ ನಿಂತ್ರೆ, ಎಲ್ಲರೂ ನನ್ನ ಕಡೆ ನೋಡ್ತಾರೆ. ತಾಯಿ ಅಲ್ಲಿ ಕೂತ್ಕೊಂಡು ಮಗಳ ಕಾಲು ಹಿಡ್ಕೊಂಡಿದ್ದಾಳೆ ಅಂತಾರೆ. ನನ್ನ ಮುಖ ಎಲ್ಲಿಟ್ಕೊಳ್ಳಲಿ?"

"ಇರೋ ಜಾಗದಲ್ಲೇ ಇಟ್ಕೋ. ಸೂಟು ಸೋರುತ್ತೆ ಅಂದೆ, ಅಷ್ಟೇ."

"ಎಷ್ಟು ಸೋರುತ್ತೆ? ಸ್ವಲ್ಪ ಸೋರಿದ್ರೆ ಏನಂತೆ? ನಾವೇನು ಈಜೋಕೆ ಹೋಗ್ತೀವಾ?"

ವಾರಗಿತ್ತಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಸೂಜಕ್ಕ ಹೇಳಲೋ ಬೇಡವೋ ಎಂದು ನೋಡಿ, ಕೊನೆಗೆ ಹೇಳಿಬಿಟ್ಟಳು. "ನಿನಗೊಂದು ಹೊಸ ಸೂಟು ತೆಗೆದಿಟ್ಟಿದ್ದಾರೆ. ನಾನು ಚೀಟಿ ಹೊಲಿದ್ರೆ ಅದು ನಿನಗೆ. ನೀನು ನಿಶ್ಚಿಂತೆಯಿಂದ ಇರು ಅಂದ್ರು ನನಗೆ."

ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ನನ್ನ ಜೊತೆಯವರಿಗೆ?"

"ಅವ್ರ ಮಾತು ಬರ್ಲಿಲ್ಲ."

ಮಗಳು ಊಟ ಮುಗಿಸಿ, ಮೂವರ ತಟ್ಟೆಯನ್ನೂ ತಾನೇ ತೊಳೆದಿಟ್ಟಳು. ಹಾಗೆ ತಾನೇ ತೊಳೆದಿಟ್ಟರೆ ಒಳಗೆ ಏನೋ ಕುದಿಯುತ್ತಿದೆ ಎಂದು ಸೂಜಕ್ಕನಿಗೆ ಗೊತ್ತು. ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮರುದಿನ ದೋಣಿ ಹೋಗಲಿಲ್ಲ. ಅದರ ಮರುದಿನ ಬೆಳಗ್ಗೆ ಏಳು ಗಂಟೆಗೆ ವಾರಗಿತ್ತಿ ಜೆಟ್ಟಿಯ ಪಕ್ಕದ ಬಟ್ಟೆ ಬದಲಿಸುವ ಕೋಣೆಗೆ ಒಗೆದ ಕೈಗವಸುಗಳನ್ನು ಕೊಟ್ಟುಬರಲು ಹೋದವಳು, ಓಡುತ್ತಲೇ ವಾಪಸು ಬಂದಳು. ಮೈಭಾರದ ಹೆಂಗಸು; ಅವಳು ಓಡಿದ್ದನ್ನು ಸೂಜಕ್ಕ ಅದೇ ಮೊದಲು ನೋಡಿದ್ದು.

"ಅಕ್ಕ, ಅವೇ ಸೂಟು. ಕೊಕ್ಕೆಗೆ ತಗಲಿಹಾಕಿದ್ದಾರೆ. ಕೆಂಪು ಪಟ್ಟಿ ಇಲ್ಲ. ಒಳಗೆ ಹಸಿರು ಚೀಟಿ ಹೊಲಿದಿದ್ದಾರೆ." ಉಸಿರು ಸಿಕ್ಕಿದ ಮೇಲೆ ಸೇರಿಸಿದಳು, "ನಿನ್ನ ಸೂಜಿ ಇದೆ ಅದ್ರಲ್ಲಿ."

"ಹೊಲಿದವರು ಯಾರಂತೆ?"

"ಯಾರೋ. ದಾರ ನೋಡಿದ್ರೆ ಗೊತ್ತಾಗುತ್ತೆ, ಅಂಗಿ ಗುಂಡಿ ಹೊಲಿಯೋ ದಾರ."

ಸೂಜಕ್ಕ ಮೇಜಿನ ಮೇಲಿದ್ದ ಪರೀಕ್ಷೆಯ ಪುಸ್ತಕವನ್ನು ತೆಗೆದು ವಾರಗಿತ್ತಿಯ ಕೈಗೆ ಕೊಟ್ಟಳು. "ಪೆನ್ನು ತಗೋ. ನಡಿ."

ಜೆಟ್ಟಿಯ ಮೇಲೆ ಒಂಬತ್ತು ಜನ ಸೂಟು ಹಾಕಿಕೊಂಡು ನಿಂತಿದ್ದರು. ದೋಣಿ ಗುರ್ರೆನ್ನುತ್ತಿತ್ತು. ಅದನ್ನು ನಡೆಸುವ ಕ್ಯಾಪ್ಟನ್, ನೆರೆತ ಗಡ್ಡದ ಮುದುಕ, ಹಗ್ಗ ಬಿಚ್ಚಲು ಬಗ್ಗಿದ್ದ. ಸೂಜಕ್ಕ ಸಾಲಿನ ಉದ್ದಕ್ಕೂ ಎದೆಯ ಮೇಲಿನ ನಂಬರು ಓದುತ್ತ ಬಂದಳು. ನಾಲ್ಕು, ಇಪ್ಪತ್ತಾರು, ಮೂವತ್ತು. ಎಲ್ಲವೂ ತಾನೇ ಬೇಡವೆಂದವು. ಕೊನೆಯವಳ ಎದೆಯ ಮೇಲೆ ಹದಿನೇಳು ಎಂದಿತ್ತು. ಅದು ಅವಳ ಮಗಳು.

ಹದಿನೇಳು ಸೂಜಕ್ಕನಿಗೆ ಚೆನ್ನಾಗಿ ನೆನಪಿತ್ತು. ಎರಡೂ ಕಂಕುಳು, ತೊಡೆಯ ಸಂದು, ಬಲ ಮಂಡಿ.

"ಹೊಸದು ಎಲ್ಲಿ?"

"ನಿನ್ನೆ ಕೊಟ್ರು. ಆಫೀಸಿನ ಮೇಜಿನ ಮೇಲೆ ಇಟ್ಟು ಬಂದೆ," ಎಂದಳು ಮಗಳು ಮೆಲ್ಲಗೆ. "ಇವರೆಲ್ಲ ಇದನ್ನ ಹಾಕ್ಕೊಂಡ್ರೆ ನಾನೂ ಇದನ್ನೇ ಹಾಕ್ಕೋತೀನಿ. ಸೋರುತ್ತಂತೆ ಅಂತ ಹೇಳ್ದೆ ಇವರಿಗೆ. ಮತ್ತೆ ಪರೀಕ್ಷೆ ಮಾಡಿ ಪಾಸು ಮಾಡಿದ್ದಾರೆ ಅಂತ ಆಫೀಸಿನವರು ಚೀಟಿ ತೋರಿಸಿದ್ರು. ನೀನು ಸೋತೆ ಅಂದ್ಕೊಂಡೆ, ಅಮ್ಮ."

ಆ ಕೊನೆಯ ಮಾತು ಸೂಜಕ್ಕನಿಗೆ ನಾಟಿದಷ್ಟು ಬೇರೆ ಯಾವುದೂ ನಾಟಲಿಲ್ಲ.

"ತೆಗಿ," ಎಂದಳು.

"ಎಲ್ಲರ ಮುಂದೆ ಬೇಡಮ್ಮ."

"ಎಲ್ಲರ ಮುಂದೆಯೇ ಬೇಕು. ತೆಗೆದು ಕೊಡು, ನಾನು ಹಾಕ್ಕೋಬೇಕು."

ಮಗಳು ಒಂದು ಗಳಿಗೆ ತಾಯಿಯ ಮುಖ ನೋಡಿದಳು. ಆಮೇಲೆ ಜಿಪ್ಪು ಎಳೆದಳು. ಸೂಜಕ್ಕ ಚಪ್ಪಲಿ ಕಳಚಿಟ್ಟು, ಉಟ್ಟ ಬಟ್ಟೆಯ ಮೇಲೆಯೇ ಸೂಟಿನೊಳಗೆ ಕಾಲು ತೂರಿಸಿದಳು. ಸಾವಿರಾರು ಸೂಟು ಮುಟ್ಟಿದ ಕೈ, ಆದರೆ ಒಂದನ್ನೂ ಎಂದೂ ಮೈಮೇಲೆ ಹಾಕಿಕೊಂಡವಳಲ್ಲ. ಕುತ್ತಿಗೆಯ ರಬ್ಬರು ಗಂಟಲು ಹಿಡಿದಂತಾಯಿತು. ವಾರಗಿತ್ತಿ ಬಂದು ಕೂದಲನ್ನು ಒಳಗೆ ಸೇರಿಸಿ ಜಿಪ್ಪು ಎಳೆದು ಮುಚ್ಚಿದಳು.

ಕ್ಯಾಪ್ಟನ್ ಹಗ್ಗ ಬಿಟ್ಟು ಎದ್ದು ಬಂದ. "ಸೂಜಕ್ಕ, ಏನು ಮಾಡ್ತಿದ್ದೀರಿ?"

"ಪರೀಕ್ಷೆ. ಸೋಪಿನ ನೀರಲ್ಲಿ ನೋಡಿದ್ದನ್ನ ಯಾರೂ ನಂಬ್ಲಿಲ್ಲ. ಉಪ್ಪು ನೀರಲ್ಲಿ ನೋಡೋಣ ಅಂತ."

"ನಿಮಗೆ ಈಜು ಬರುತ್ತಾ?"

"ಬರಲ್ಲ. ಈಜಬೇಕಾದ್ದು ಸೂಟು, ನಾನಲ್ಲ. ಒಂದು ಹಗ್ಗ ಕಟ್ಟಿ, ಸಾಕು."

ಕ್ಯಾಪ್ಟನ್ ಹಗ್ಗ ತಂದ. ಆದರೆ ಗಂಟು ಹಾಕಲು ಅವನ ಕೈಯಿಂದ ಮಗಳು ಅದನ್ನು ಕಿತ್ತುಕೊಂಡಳು. ತಾಯಿಯ ಕಂಕುಳ ಕೆಳಗಿಂದ ಎರಡು ಸುತ್ತು ತಂದು, ಎದೆಯ ಮೇಲೆ ಬಿಗಿದು, ಎರಡು ಸಲ ಜಗ್ಗಿ ನೋಡಿದಳು. "ನನಗೆ ಎಳೀಬೇಕು ಅನ್ನಿಸಿದ್ರೆ ಎಳೀತೀನಿ," ಎಂದಳು. "ನಿನ್ನನ್ನ ಕೇಳಲ್ಲ."

ಅಷ್ಟರಲ್ಲಿ ಮ್ಯಾನೇಜರು ಆಫೀಸಿನಿಂದ ಬಿರಬಿರನೆ ಬಂದ. "ಇದೆಲ್ಲ ಏನು? ಅನುಮತಿ ಇಲ್ಲದೆ ಯಾರೂ ನೀರಿಗೆ ಇಳಿಯೋ ಹಾಗಿಲ್ಲ."

ಸೂಜಕ್ಕ ಸೂಟಿನ ತೋಳಿನ ಮೇಲೆ ಕೈಯಿಟ್ಟಳು. "ಅನುಮತಿ ಇದೆಯಲ್ಲ ಸಾರ್. ಇದ್ರೊಳಗೆ ಚೀಟಿ ಇದೆ, ಚೀಟಿ ಮೇಲೆ ನನ್ನ ಸೂಜಿ ಇದೆ. ಇದನ್ನ ಹಾಕ್ಕೊಂಡು ಯಾರು ಬೇಕಾದ್ರೂ ಕಡಲಿಗೆ ಹೋಗಬಹುದು ಅಂತ ಹೊಲಿಸಿದವರು ನೀವು. ನಿಮ್ಮ ಮಾತು ನಿಜ ಆದ್ರೆ ನಾನು ಒಣಗಿದ ಹಾಗೇ ಮೇಲೆ ಬರ್ತೀನಿ. ನಿಮಗ್ಯಾಕೆ ಗಾಬರಿ?"

ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದ. ಮೆಕ್ಯಾನಿಕ್ಕುಗಳು ಒಬ್ಬೊಬ್ಬರೂ ಅವನ ಮುಖ ನೋಡಿದರು. ಯಾಕೆ ಹಿಂದೆ ಸರಿದ ಎಂದು ಅವರಿಗೆ ಆಗಲೇ ಅರ್ಧ ಗೊತ್ತಾಗಿತ್ತು.

ಜೆಟ್ಟಿಯ ಬದಿಗೆ ಕಬ್ಬಿಣದ ಏಣಿ ಇತ್ತು. ಸೂಜಕ್ಕ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದಳು. ಪಾಚಿ ಕಟ್ಟಿದ ಕೊನೆಯ ಮೆಟ್ಟಿಲಲ್ಲಿ ಅವಳ ಧೈರ್ಯ ಪೂರ್ತಿ ಕೈಕೊಟ್ಟಿತು. ಐವತ್ತನಾಲ್ಕು ವರ್ಷ ಕಡಲ ಪಕ್ಕದಲ್ಲೇ ಬಾಳಿದವಳು, ಮಂಡಿಯ ಮೇಲೆ ನೀರು ಏರಿಸಿಕೊಂಡವಳಲ್ಲ. ಕೆಳಗೆ ಬಣ್ಣವಿಲ್ಲದ ನೀರು ಏಣಿಗೆ ಬಂದು ಬಡಿಯುತ್ತಿತ್ತು. ಮೇಲೆ ನೋಡಿದರೆ ಮ್ಯಾನೇಜರಿನ ಶೂಗಳು ಕಂಡವು, ಪಾಲಿಶ್ ಮಾಡಿದ ಕಂದು ಶೂಗಳು. ಅವು ಕಂಡದ್ದೇ ಒಳ್ಳೆಯದಾಯಿತು. ಅವಳು ಏಣಿಯಿಂದ ಕೈ ಬಿಟ್ಟಳು.

ಮೊದಲು ಏನೂ ಆಗಲಿಲ್ಲ. ಸೂಟು ಅವಳನ್ನು ತೊಟ್ಟಿಲಿನ ಹಾಗೆ ಎತ್ತಿ ಹಿಡಿಯಿತು. ಮುಖಕ್ಕೆ ಮಾತ್ರ ನೀರು ಚಿಮ್ಮಿತು. ನಾನೇ ತಪ್ಪು ಮಾಡಿದೆನೇ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಎಡ ಕಂಕುಳಲ್ಲಿ ಯಾರೋ ಸೂಜಿ ಚುಚ್ಚಿದ ಹಾಗೆ ತಣ್ಣಗೆ ಒಂದು ಎಳೆ ಒಳಕ್ಕೆ ಬಂತು.

"ಎಡ ಕಂಕುಳು," ಎಂದು ಕೂಗಿದಳು.

ಮೇಲೆ ವಾರಗಿತ್ತಿ ಪುಸ್ತಕ ಬಿಚ್ಚಿಕೊಂಡು ನಿಂತಿದ್ದಳು. "ಎಡ ಕಂಕುಳು," ಎಂದು ತಾನೂ ಹೇಳಿ ಬರೆದುಕೊಂಡಳು. "ಎಷ್ಟು ನಿಮಿಷ?"

"ಒಂದೂವರೆ," ಎಂದ ಕ್ಯಾಪ್ಟನ್ ಗಡಿಯಾರ ನೋಡಿ.

"ತೊಡೆ ಸಂದು."

"ಎರಡೂ ಕಾಲು."

"ಬಲ ಮಂಡಿ. ಬಲ ಕಂಕುಳು. ಹೊಟ್ಟೆಗೆ ಬಂತು."

ನಾಲ್ಕನೇ ನಿಮಿಷಕ್ಕೆ ಕಾಲುಗಳು ಅವಳವು ಅನ್ನಿಸಲಿಲ್ಲ. ತೊಟ್ಟಿಲು ಒಂದು ಕಡೆಗೆ ವಾಲಿತು. ಪಾದಗಳ ಹತ್ತಿರ ಸೇರಿದ ನೀರು ಅವಳನ್ನು ನೆಟ್ಟಗೆ ನಿಲ್ಲಿಸಿ ಕೆಳಕ್ಕೆ ಎಳೆಯತೊಡಗಿತು. ಆರನೇ ನಿಮಿಷಕ್ಕೆ ಗದ್ದ ನೀರಿಗೆ ತಾಗಿತು. ಹಲ್ಲುಗಳು ತಾವಾಗಿಯೇ ಕಟಕಟ ಅನ್ನುತ್ತಿದ್ದವು, ಮಾತು ಹೊರಡಲಿಲ್ಲ. ದೋಣಿಯ ಸದ್ದು ಯಾವಾಗಲೋ ನಿಂತಿತ್ತು.

"ಎಳೀತೀನಿ," ಎಂದಳು ಮಗಳು.

ಸೂಜಕ್ಕ ತಲೆಯಾಡಿಸಿ ಬೇಡವೆಂದಳು. ಕಡಲ ನಡುವೆ ಅಲೆಯಿದ್ದ ದಿನ ಒಬ್ಬನನ್ನು ಎತ್ತುವುದಕ್ಕೆ ಕಾಲು ಗಂಟೆಯಾದರೂ ಬೇಕು ಎಂದು ಅವಳಿಗೆ ಗೊತ್ತಿತ್ತು. ಹತ್ತು ನಿಮಿಷವಾದರೂ ಇರಬೇಕೆಂದು ಅವಳ ಮನಸ್ಸಿನಲ್ಲಿತ್ತು. ಆದರೆ ಮಗಳು ಹೇಳಿದಂತೆಯೇ ಅವಳನ್ನು ಕೇಳಲಿಲ್ಲ. ಎಂಟನೇ ನಿಮಿಷಕ್ಕೆ, ನೀರು ಬಾಯಿಗೆ ಬಂದದ್ದೇ ತಡ, ಹಗ್ಗ ಬಿಗಿಯಾಯಿತು.

ಒಬ್ಬಳ ಕೈಯಲ್ಲಿ ಆಗಲಿಲ್ಲ. ಇಬ್ಬರು ಸೇರಿದರೂ ಆಗಲಿಲ್ಲ. ನಾಲ್ಕು ಜನ ಹಿಡಿದು ಎಳೆದಾಗ ಸೂಜಕ್ಕ ಮೇಲೆ ಬಂದಳು. ಸೂಟಿನ ಎರಡೂ ಕಾಲುಗಳು ನೀರು ತುಂಬಿ ಕಂಬದಂತೆ ಊದಿಕೊಂಡಿದ್ದವು. ಅವಳನ್ನು ಹಲಗೆಯ ಮೇಲೆ ಮಲಗಿಸಿ ಕ್ಯಾಪ್ಟನ್ ಚಾಕುವಿನಿಂದ ಸೂಟನ್ನು ಪಾದದ ಹತ್ತಿರ ಕೊಯ್ದ. ನೀರು ಬಕೆಟ್ ಉರುಳಿಸಿದ ಹಾಗೆ ಭಳಭಳನೆ ಹೊರಗೆ ಬಂದು, ಹಲಗೆಗಳ ಮೇಲೆ ಹರಿದು, ಸುತ್ತ ನಿಂತವರ ಕಾಲಿಗೆಲ್ಲ ತಾಗಿತು. ಕಂದು ಶೂಗಳಿಗೂ ತಾಗಿತು.

ಮೆಕ್ಯಾನಿಕ್ಕುಗಳಲ್ಲಿ ಎಲ್ಲರಿಗಿಂತ ಹಿರಿಯವನು ಮೊದಲು ಜಿಪ್ಪು ಎಳೆದ. ಉಳಿದವರೂ ಎಳೆದರು. ಸೂಟು ಕಳಚಿ, ಮಡಚದೆ, ಮ್ಯಾನೇಜರಿನ ಮುಂದೆ ಹಾಕಿ, ಒಳ ಅಂಗಿಯಲ್ಲೇ ಆ ಚಳಿಯಲ್ಲಿ ನಿಂತರು.

"ಇವತ್ತು ದೋಣಿ ಹೋಗಲ್ಲ," ಎಂದ ಕ್ಯಾಪ್ಟನ್.

"ಅದನ್ನ ತೀರ್ಮಾನ ಮಾಡೋರು ನೀವಲ್ಲ."

"ನಾನೇ ಸಾರ್. ಜನರ ಜೀವದ ಮಾತು ಬಂದಾಗ ದೋಣಿ ಬಿಡೋದು ಬಿಡದೆ ಇರೋದು ನನ್ನ ಕೈಲಿದೆ. ನೀವು ನನಗೆ ಕೊಟ್ಟ ಕಾಗದದಲ್ಲೇ ಬರೆದಿದೆ, ಬೇಕಾದ್ರೆ ಓದ್ಕೊಳ್ಳಿ."

ಬಂದರಿನ ಚಿಕ್ಕ ಆಸ್ಪತ್ರೆಯಲ್ಲಿ ಸೂಜಕ್ಕನನ್ನು ನಾಲ್ಕು ಕಂಬಳಿಗಳಲ್ಲಿ ಸುತ್ತಿ ಮಲಗಿಸಿದರು. ಎರಡು ಗಂಟೆ ಅವಳ ನಡುಕ ನಿಲ್ಲಲಿಲ್ಲ. ಮಗಳು ಬಿಸಿ ನೀರಿನ ಲೋಟವನ್ನು ಅವಳ ತುಟಿಗೆ ಹಿಡಿದು ಕೂತಿದ್ದಳು.

"ಸೋತೆ ಅಂದೆಯಲ್ಲ ನನ್ನನ್ನ," ಎಂದಳು ಸೂಜಕ್ಕ, ಮಾತು ಬಂದ ಕೂಡಲೇ.

"ತಪ್ಪಾಯ್ತು."

"ಚೀಟಿ ನೋಡಿದ ಮೇಲೆ ನನ್ನ ಹತ್ರ ಬಂದು ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು. ನನಗೇ ನಾಚಿಕೆ ಆಗಿತ್ತು. ಹೊಸ ಸೂಟು ವಾಪಸು ಕೊಟ್ಟು ಬಂದದ್ದೇ ದೊಡ್ಡದು ಅಂದ್ಕೊಂಡಿದ್ದೆ." ಮಗಳು ಲೋಟವನ್ನು ಕೆಳಗಿಟ್ಟಳು. "ಹಿಂಗೆ ನೀರಿಗೆ ಇಳೀತೀಯ ಅಂತ ಯಾರಿಗೆ ಗೊತ್ತಿತ್ತು? ನೀನು ಸ್ನಾನಕ್ಕೇ ಬಿಸಿ ನೀರು ಸಾಲ್ದು ಅಂತ ಜಗಳ ಆಡೋಳು."

ಬಾಗಿಲಲ್ಲಿ ನಿಂತಿದ್ದ ವಾರಗಿತ್ತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅತ್ತಳು, ಅಳುತ್ತಲೇ ಪುಸ್ತಕದ ಆ ಪುಟವನ್ನು ತೋರಿಸಿದಳು. ನೀರು ಸಿಡಿದು ಅಕ್ಷರ ಕದಡಿದ್ದರೂ ಓದಲು ಬರುತ್ತಿತ್ತು.

ಕಂಪನಿ ಸುಮ್ಮನೆ ಕೂರಲಿಲ್ಲ. ಮೂರನೇ ದಿನ ಸೂಜಕ್ಕನ ಪಾಸು ರದ್ದಾಯಿತು. ಬಂದರಿನ ಸುರಕ್ಷತೆಯ ನಿಯಮ ಮೀರಿ ಅನುಮತಿಯಿಲ್ಲದೆ ನೀರಿಗೆ ಇಳಿದಿದ್ದಾಳೆ ಎಂದು ಕಾರಣ ಕೊಟ್ಟಿದ್ದರು. "ಸುರಕ್ಷತೆ" ಎಂಬ ಮಾತನ್ನು ವಾರಗಿತ್ತಿ ಮೂರು ಸಲ ಗಟ್ಟಿಯಾಗಿ ಓದಿದಳು. ತನ್ನ ಪಾಸು ರದ್ದಾಗದಿದ್ದರೂ ಅದನ್ನು ಗೇಟಿನವನ ಮೇಜಿನ ಮೇಲಿಟ್ಟು ಬಂದಳು.

ಒಂಬತ್ತು ದಿನ ಒಂದು ದೋಣಿಯೂ ಹೊರಡಲಿಲ್ಲ. ಏಳು ವಾರ ಬೇಕೆಂದಿದ್ದ ಹೊಸ ಸೂಟುಗಳು ಹತ್ತನೇ ದಿನ ಬಂದವು. ಎಲ್ಲಿಂದ ಹೇಗೆ ಬಂದವೆಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಕಡಲು ಒರಟಾಗಲು ಶುರುವಾಗಿತ್ತು. ಹನ್ನೊಂದರಲ್ಲಿ ಆರು ಯಂತ್ರಗಳನ್ನು ಮಗಳ ತಂಡ ಸರಿಮಾಡಿತು. ಉಳಿದ ಐದು ಆ ಚಳಿಗಾಲವಿಡೀ ನಿಂತೇ ಇದ್ದವು. ಸೂಜಕ್ಕನಿಂದಾಗಿ ನಿಂತವು ಎಂದು ಹೇಳುವವರು ಬಂದರಿನಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಮ್ಯಾನೇಜರನ್ನು ಬೇರೆ ಕಡೆಗೆ ವರ್ಗ ಮಾಡಿದರು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ, ಚೀಟಿಗಳನ್ನು ಗಡಿಬಿಡಿಯಲ್ಲಿ ಯಾರೋ ತಪ್ಪಾಗಿ ಹೊಲಿದಿರಬೇಕು ಎಂದು ಕಂಪನಿ ಹೇಳಿತು. ಸೂಜಕ್ಕ ಪುಸ್ತಕವನ್ನೂ ಗುಂಡಿ ಹೊಲಿಯುವ ದಾರದ ತುಂಡನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟಳು. ಮೂವತ್ತೊಂದು ಸಲ ಆಗುವ ತಪ್ಪಿಗೆ ತಪ್ಪು ಅನ್ನುವುದಿಲ್ಲ ಎಂದಳು. ಆ ಸೂಟುಗಳನ್ನು ಅಧಿಕಾರಿಯ ಎದುರಿನಲ್ಲೇ ಕತ್ತರಿಸಿ ಹಾಕಿದರು. ಅಷ್ಟು ಅವಳಿಗೆ ಸಿಕ್ಕಿತು. ಪಾಸು ಸಿಗಲಿಲ್ಲ.

ಇಬ್ಬರೂ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಯಲ್ಲಿ, ಒಂದು ಕೋಣೆ ಹಿಡಿದು ಟಾರ್ಪಾಲು, ಗುಡಾರ, ದೋಣಿಯ ಹೊದಿಕೆ ಹೊಲಿಯತೊಡಗಿದರು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕ್ಯಾಪ್ಟನ್ ತನ್ನ ಸೂಟನ್ನು ಕಂಕುಳಲ್ಲಿ ಹಿಡಿದು ಬಂದ.

"ನೋಡಿಕೊಡಿ."

"ಈಗ ಪರೀಕ್ಷೆ ಬೇರೆಯವರಿಗೆ ಕೊಟ್ಟಿದ್ದಾರಲ್ಲ?"

"ಕೊಟ್ಟಿದ್ದಾರೆ. ಅವರೂ ನೋಡಿದ್ದಾರೆ. ನೀವೂ ಒಂದ್ಸಲ ನೋಡಿ, ನನಗೆ ನಿದ್ದೆ ಬರಬೇಕು."

ಸೂಜಕ್ಕ ಗಾಳಿ ತುಂಬಿ, ಸೋಪು ಬಳಿದು, ಹೊಲಿಗೆ ಹೊಲಿಗೆಯಾಗಿ ನೋಡಿದಳು. ಎಲ್ಲೂ ಗುಳ್ಳೆ ಏಳಲಿಲ್ಲ. ಸಣ್ಣ ತಪ್ಪಾದರೂ ಸಿಗಬಾರದೇ ಎಂದು ಮನಸ್ಸಿನ ಮೂಲೆಯಲ್ಲಿ ಆಸೆಯಿದ್ದದ್ದನ್ನು ತಾನೇ ಗಮನಿಸಿ ನಾಚಿಕೊಂಡಳು.

"ಚೆನ್ನಾಗಿದೆ," ಎಂದಳು. "ಸರಿಯಾಗೇ ಮಾಡಿದ್ದಾರೆ. ಯಾರೋ ಕೆಲಸ ಗೊತ್ತಿರೋರು."

ಅದೇ ವಾರ ಕಂಪನಿಯ ಪತ್ರ ಬಂತು. ಮಗಳ ಕೈಯಲ್ಲೇ ಕಳಿಸಿದ್ದರು. ನಡೆದದ್ದಕ್ಕೆ ವಿಷಾದವಿದೆ, ಮುಂದೆ ಹೀಗಾಗದು ಎಂದು ಒಂದು ಸಾಲು ಬರೆದು ಸಹಿ ಮಾಡಿದರೆ ಪಾಸನ್ನೂ ಶೆಡ್ಡನ್ನೂ ವಾಪಸು ಕೊಡುವುದಾಗಿ ಅದರಲ್ಲಿತ್ತು. ಮಗಳು ಬಾಗಿಲಲ್ಲೇ ನಿಂತು ಓದಿದಳು. ವಾರಗಿತ್ತಿ ಹೊಲಿಯುವ ಯಂತ್ರ ನಿಲ್ಲಿಸಿದಳು. ಆ ಶೆಡ್ಡಿನ ಉದ್ದನೆಯ ಮೇಜು, ಉತ್ತರದ ಕಿಟಕಿಯ ಬೆಳಕು, ಮೂವರಿಗೂ ಒಟ್ಟಿಗೇ ಕಣ್ಣಿಗೆ ಬಂದಿರಬೇಕು.

"ನೀನೇನಂತೀಯ?" ಎಂದು ಸೂಜಕ್ಕ ಮಗಳನ್ನು ಕೇಳಿದಳು.

"ನಾನು ಪತ್ರ ಕೊಡೋಕೆ ಬಂದವಳಲ್ಲ. ಸಹಿ ಮಾಡಬೇಡ ಅಂತ ಹೇಳೋಕೆ ಬಂದೆ."

ಸೂಜಕ್ಕ ಪತ್ರವನ್ನು ಇಸಿದುಕೊಂಡು ಟಾರ್ಪಾಲಿನ ಮೇಲೆ ಹರಡಿ, ಪೆನ್ನು ಕೇಳಿದಳು. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ, ಅವಸರವಿಲ್ಲದೆ, ದುಂಡಗಿನ ಅಕ್ಷರಗಳಲ್ಲಿ ಬರೆದಳು: ಸೋರುವ ಸೂಟಿಗೆ ಮತ್ತೆ ನನ್ನ ಗುರುತು ಹಾಕಿದರೆ, ಮತ್ತೆ ಇಳಿಯುತ್ತೇನೆ.

"ಸಹಿ?" ಎಂದಳು ವಾರಗಿತ್ತಿ.

ಸೂಜಕ್ಕ ತನ್ನ ಪೂರ್ತಿ ಹೆಸರು ಬರೆದು, ಪತ್ರವನ್ನು ಮಡಚಿ ಮಗಳ ಕೈಗೆ ಕೊಟ್ಟಳು. "ನಾಳೆ ಬೆಳಗ್ಗೆ ದೋಣಿ ಹತ್ತೋಕೆ ಮುಂಚೆ ಕೊಟ್ಟುಬಿಡು," ಎಂದಳು. "ಅವರ ಕೈಗೇ ಕೊಡು, ಮೇಜಿನ ಮೇಲೆ ಇಟ್ಟು ಬರಬೇಡ."